ಹೆಜ್ಜೆ ಉದ್ದವಾಗಲಿಲ್ಲ, ಓಟ ವೇಗವಾಯಿತು: ನೂರು ಮೀಟರ್ ಓಟಗಾರ್ತಿಯೊಬ್ಬಳ ಪ್ರಕರಣ

ಇಲ್ಲಿ ಹೇಳುತ್ತಿರುವ ಓಟಗಾರ್ತಿಯನ್ನು ವನಜಾ ಎಂದು ಕರೆಯೋಣ. ಅದು ಅವಳ ಹೆಸರಲ್ಲ. ಊರು, ಕಾಲೇಜು, ಕ್ರೀಡಾಕೂಟಗಳ ಗುರುತನ್ನೂ ಬಿಟ್ಟಿದ್ದೇನೆ. ಜಿಲ್ಲಾ ಕೇಂದ್ರಗಳ ಮಣ್ಣಿನ ಮೈದಾನಗಳಲ್ಲಿ ಮಕ್ಕಳನ್ನು ಓಡಿಸುತ್ತಿರುವ ದೈಹಿಕ ಶಿಕ್ಷಕರಿಗೂ ತರಬೇತುದಾರರಿಗೂ ಈ ಪ್ರಕರಣ ನೇರವಾಗಿ ಉಪಯೋಗಕ್ಕೆ ಬರಬಹುದು. ವನಜಾಳ ವಿಷಯದಲ್ಲಿ ಯಾರೂ ಸೋಮಾರಿತನ ಮಾಡಿರಲಿಲ್ಲ, ಯಾರೂ ಅವಳ ಕೇಡು ಬಯಸಿರಲಿಲ್ಲ. ಎಲ್ಲರೂ ಶ್ರಮಪಟ್ಟಿದ್ದರು. ಆ ಶ್ರಮದ ದಿಕ್ಕು ತಪ್ಪಿದ್ದರಿಂದಲೇ ಅವಳು ಎಂಟು ತಿಂಗಳ ಒಳಗೆ ಎರಡು ಸಲ ಕಾಲು ಹಿಡಿದುಕೊಂಡು ಟ್ರ್ಯಾಕಿನ ಪಕ್ಕಕ್ಕೆ ಕುಳಿತಳು.

ಹಿನ್ನೆಲೆ

ಉತ್ತರ ಕರ್ನಾಟಕದ ಹಳ್ಳಿಯ ಹುಡುಗಿ. ತರಬೇತಿಗೆ ನನ್ನ ಬಳಿ ಬಂದಾಗ ಪದವಿಯ ಎರಡನೆಯ ವರ್ಷದಲ್ಲಿದ್ದಳು. ವಯಸ್ಸು 19, ಎತ್ತರ 1.61 ಮೀಟರ್, ತೂಕ 50 ಕಿಲೊ. ಹೈಸ್ಕೂಲಿನಲ್ಲಿ ಖೊಖೊ ಆಡುತ್ತಿದ್ದಳು. ಕುಳಿತಲ್ಲಿಂದ ಚಿಮ್ಮುವುದು, ಬಗ್ಗಿ ಓಡುವುದು, ಥಟ್ಟನೆ ದಿಕ್ಕು ಬದಲಿಸುವುದು ಅವಳ ಮೈಗೆ ಹತ್ತಿತ್ತು. ಕಾಲೇಜಿಗೆ ಬಂದ ಮೇಲೆ ಅಲ್ಲಿನ ದೈಹಿಕ ಶಿಕ್ಷಣ ನಿರ್ದೇಶಕರು ಅವಳನ್ನು ನೂರು ಮತ್ತು ಇನ್ನೂರು ಮೀಟರ್ ಓಟಕ್ಕೆ ತಂದರು. ಅದು ಒಳ್ಳೆಯ ನಿರ್ಧಾರವೇ ಆಗಿತ್ತು. ಮೊದಲ 20 ಮೀಟರ್‌ನಲ್ಲಿ ಅವಳನ್ನು ಹಿಂದಿಕ್ಕುವವರು ಜಿಲ್ಲೆಯಲ್ಲಿ ಇರಲಿಲ್ಲ. ಐವತ್ತು ಮೀಟರ್ ದಾಟಿದ ಮೇಲೆ ಮಾತ್ರ ಒಬ್ಬೊಬ್ಬರಾಗಿ ಅವಳ ಪಕ್ಕಕ್ಕೆ ಬಂದು ಮುಂದೆ ಹೋಗುತ್ತಿದ್ದರು.

ಮನೆಯ ಪರಿಸ್ಥಿತಿಯನ್ನೂ ಹೇಳಬೇಕು, ಏಕೆಂದರೆ ಮುಂದಿನ ನಿರ್ಧಾರಗಳಲ್ಲಿ ಅದರ ಪಾತ್ರವಿದೆ. ತಂದೆ ಎಪಿಎಂಸಿಯಲ್ಲಿ ಹಮಾಲಿ ಕೆಲಸ ಮಾಡುವವರು. ಮಗಳಿಗೆ ಕ್ರೀಡಾ ಕೋಟಾದಲ್ಲಿ ಸರ್ಕಾರಿ ಕೆಲಸ ಸಿಗಬಹುದೆಂಬ ಆಸೆ ಅವರದು. ಆ ಆಸೆಯಲ್ಲಿ ತಪ್ಪೇನಿಲ್ಲ. ಆದರೆ ಇದರಿಂದಾಗಿ ಪ್ರತಿ ಕ್ರೀಡಾಕೂಟವೂ ಒಂದು ಪರೀಕ್ಷೆಯಾಗಿಬಿಟ್ಟಿತ್ತು. ಒಂದನ್ನೂ ಬಿಡುವ ಹಾಗಿರಲಿಲ್ಲ.

ಗಡಿಯಾರ ಹೇಳಿದ್ದು, ಜನ ಕೇಳಿಸಿಕೊಂಡದ್ದು

ಸಮಸ್ಯೆ ಆರಂಭವಾದದ್ದು ಗಾಯದಿಂದ ಅಲ್ಲ, ಸಮಯದ ಲೆಕ್ಕದಿಂದ. ಜಿಲ್ಲಾ ಕೂಟದಲ್ಲಿ ಸ್ಟಾಪ್‌ವಾಚ್ ಹಿಡಿದು ಅಳೆದಾಗ ವನಜಾ ನೂರು ಮೀಟರನ್ನು 12.3 ಸೆಕೆಂಡಿನಲ್ಲಿ ಓಡಿದ್ದಳು. ಕೆಲವು ವಾರಗಳ ಬಳಿಕ ರಾಜ್ಯ ಮಟ್ಟದ ಕೂಟದಲ್ಲಿ, ಸಿಂಥೆಟಿಕ್ ಟ್ರ್ಯಾಕಿನಲ್ಲಿ, ಎಲೆಕ್ಟ್ರಾನಿಕ್ ಗಡಿಯಾರ 12.68 ತೋರಿಸಿತು. ಮಣ್ಣಿನಲ್ಲಿ ಓಡಿದ್ದಕ್ಕಿಂತ ಒಳ್ಳೆಯ ಟ್ರ್ಯಾಕಿನಲ್ಲಿ ಸುಮಾರು 0.4 ಸೆಕೆಂಡ್ ನಿಧಾನ! ಹುಡುಗಿಯ ದಮ್ಮು ಕಡಿಮೆಯಾಗಿದೆ, ದೊಡ್ಡ ಕೂಟದಲ್ಲಿ ಹೆದರುತ್ತಾಳೆ ಎಂಬ ತೀರ್ಮಾನಕ್ಕೆ ಎಲ್ಲರೂ ಬಂದರು. ಅವಳೂ ನಂಬಿದಳು.

ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದವರು ಪಿಸ್ತೂಲಿನ ಹೊಗೆ ಕಂಡ ಮೇಲೆ ಗುಂಡಿ ಒತ್ತುತ್ತಾರೆ, ಆದ್ದರಿಂದ ಆರಂಭದಲ್ಲಿ ಒಂದಿಷ್ಟು ತಡವಾಗುತ್ತದೆ. ಗೆರೆಯ ಬಳಿ ಓಟಗಾರ ಬರುವುದು ಕಾಣುತ್ತಲೇ ಇರುವುದರಿಂದ ಅಲ್ಲಿ ಅಷ್ಟು ತಡವಾಗುವುದಿಲ್ಲ. ಹೀಗಾಗಿ ನೂರು, ಇನ್ನೂರು ಮೀಟರ್‌ಗಳಲ್ಲಿ ಸ್ಟಾಪ್‌ವಾಚಿನ ಸಮಯವನ್ನು ಎಲೆಕ್ಟ್ರಾನಿಕ್ ಸಮಯದ ಜೊತೆ ಹೋಲಿಸುವಾಗ 0.24 ಸೆಕೆಂಡ್ ಸೇರಿಸುವುದು ಅಥ್ಲೆಟಿಕ್ಸ್‌ನಲ್ಲಿ ರೂಢಿ. ಆ ಲೆಕ್ಕದಲ್ಲಿ ಜಿಲ್ಲೆಯ 12.3 ಎಂದರೆ 12.54. ನಿಜವಾದ ವ್ಯತ್ಯಾಸ 0.14 ಸೆಕೆಂಡ್ ಮಾತ್ರ. ಗಾಳಿ ಸ್ವಲ್ಪ ಎದುರಾದರೂ ಅಷ್ಟು ಬದಲಾಗುತ್ತದೆ. ವನಜಾ ಕುಸಿದಿರಲಿಲ್ಲ. ಆದರೆ ಕುಸಿದಿದ್ದಾಳೆಂದು ತಿಳಿದು ಚಿಕಿತ್ಸೆ ಶುರುವಾಯಿತು.

ಆ ಚಿಕಿತ್ಸೆಯಲ್ಲಿ ಎರಡು ಭಾಗಗಳಿದ್ದವು. ಒಂದು, ದಮ್ಮು ಹೆಚ್ಚಿಸುವುದು: ವಾರದಲ್ಲಿ ಐದು ಬೆಳಿಗ್ಗೆ, ಮೂರು ಕಿಲೊಮೀಟರ್ ನಿಧಾನ ಓಟದ ನಂತರ ಹತ್ತು ಸಲ ಇನ್ನೂರು ಮೀಟರ್, ನಡುವೆ ಎರಡು ನಿಮಿಷ ವಿಶ್ರಾಂತಿ. ಒಂದೊಂದೂ 34–35 ಸೆಕೆಂಡ್. ಎರಡನೆಯದು, ಹೆಜ್ಜೆ ಉದ್ದ ಮಾಡುವುದು. ಯಾರೋ ಅವಳಿಗೆ ಉಸೇನ್ ಬೋಲ್ಟ್ 41 ಹೆಜ್ಜೆಗಳಲ್ಲಿ ನೂರು ಮೀಟರ್ ಮುಗಿಸುತ್ತಾನೆ ಎಂದು ಹೇಳಿದ್ದರು. ಮಾತು ನಿಜ, 2009ರಲ್ಲಿ ಬರ್ಲಿನ್‌ನಲ್ಲಿ 9.58 ಸೆಕೆಂಡಿನ ವಿಶ್ವದಾಖಲೆ ಮಾಡಿದಾಗಲೂ ಅವನ ಹೆಜ್ಜೆಗಳು ಸುಮಾರು ಅಷ್ಟೇ. ವನಜಾ 53 ಹೆಜ್ಜೆ ಹಾಕುತ್ತಿದ್ದಳು. ಹಾಗಾದರೆ ಕಾಲನ್ನು ಇನ್ನಷ್ಟು ಮುಂದಕ್ಕೆ ಚಾಚಬೇಕು ಎಂದಾಯಿತು. ಬೋಲ್ಟ್ ಅವಳಿಗಿಂತ 34 ಸೆಂಟಿಮೀಟರ್ ಎತ್ತರ ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಉದ್ದ ಹೆಜ್ಜೆ ವೇಗದ ಕಾರಣವೋ, ವೇಗದ ಫಲವೋ ಎಂದೂ ಯಾರೂ ಕೇಳಲಿಲ್ಲ.

ಮುಂದಿನ ಕೂಟದಲ್ಲಿ 65 ಮೀಟರಿನ ಹತ್ತಿರ ಎಡತೊಡೆಯ ಹಿಂಬದಿಯ ಸ್ನಾಯು, ಅಂದರೆ ಹ್ಯಾಮ್‌ಸ್ಟ್ರಿಂಗ್, ಹೊರಭಾಗದಲ್ಲಿ ಹರಿಯಿತು. ಎಣ್ಣೆ ತಿಕ್ಕಿಸಿದರು, ನೋವಿದ್ದಾಗಲೇ ದಿನವೂ ಬಗ್ಗಿ ಕಾಲು ಮುಟ್ಟಿಸಿದರು. ಮೂರು ವಾರಕ್ಕೆ ನಡೆಯುವಾಗಿನ ನೋವು ಹೋಯಿತೆಂದು ಓಟಕ್ಕೆ ಮರಳಿದಳು. ಐದನೆಯ ತಿಂಗಳಲ್ಲಿ ಅದೇ ಜಾಗ, ಅದೇ ಕಾಲು, ಮತ್ತೆ ಕೂಟದ ದಿನವೇ.

ಫೋನಿನಲ್ಲಿ ಕಂಡದ್ದು

ಎರಡನೆಯ ಗಾಯದ ಬಳಿಕ ನಿರ್ದೇಶಕರೇ ಅವಳನ್ನು ನನ್ನಲ್ಲಿಗೆ ಕಳುಹಿಸಿದರು. ಮೊದಲ ಕೆಲಸ ಗಾಯ ಮಾಗಿಸುವುದು. ಫಿಸಿಯೋಥೆರಪಿಸ್ಟ್ ಒಬ್ಬರ ಸಲಹೆಯಂತೆ ಎಳೆದು ಹಿಗ್ಗಿಸುವುದನ್ನು ನಿಲ್ಲಿಸಿದೆವು. ಅಂಗಾತ ಮಲಗಿ ಹಿಮ್ಮಡಿಯ ಮೇಲೆ ಸೊಂಟ ಎತ್ತಿ ಹಿಡಿಯುವುದರಿಂದ ಆರಂಭಿಸಿ, ನೋವಿಲ್ಲದ ಮಿತಿಯಲ್ಲಿ ಸ್ನಾಯುವಿಗೆ ಭಾರ ಕೊಡುತ್ತ ಹೋದೆವು. ಇಲ್ಲಿಯೇ ಮೊದಲ ಮುಖ್ಯ ನಿರ್ಧಾರವನ್ನೂ ಮಾಡಿದೆವು: ಮರಳುವ ದಿನವನ್ನು ಕ್ಯಾಲೆಂಡರ್ ನೋಡಿ ಹೇಳುವುದಿಲ್ಲ. ಒಂದೇ ಕಾಲಿನಲ್ಲಿ ಸೊಂಟ ಎತ್ತುವುದು ಎರಡೂ ಕಡೆ ಸಮನಾಗಬೇಕು. ಮಲಗಿ ನೆಟ್ಟಗಿನ ಕಾಲನ್ನು ರಭಸದಿಂದ ಮೇಲಕ್ಕೆ ಎಸೆದಾಗ ನೋವಿರಬಾರದು, ಅದಕ್ಕಿಂತ ಮುಖ್ಯವಾಗಿ ಹೆದರಿಕೆ ಇರಬಾರದು. ಶೇಕಡಾ 90ರ ವೇಗದ ಓಟಗಳು ಮರುದಿನ ಬಿಗಿತ ಉಳಿಸದೆ ಮುಗಿಯಬೇಕು. ಇವು ಆಗುವವರೆಗೆ ಸ್ಪೈಕ್ಸ್, ಅಂದರೆ ಮೊಳೆಗಳಿರುವ ಓಟದ ಬೂಟು, ಇಲ್ಲ.

ಅವು ಆದ ಮೇಲೆ ಓಟವನ್ನು ಚಿತ್ರಿಸಿದೆವು. ಸೆಕೆಂಡಿಗೆ 240 ಚೌಕಟ್ಟು (ಫ್ರೇಮ್) ತೆಗೆಯುವ ಸಾಮಾನ್ಯ ಮೊಬೈಲ್ ಸಾಕಾಯಿತು. 40 ಮೀಟರ್ ಓಡಿ ವೇಗ ಕೂಡಿಸಿಕೊಂಡು ನಂತರದ ಹತ್ತು ಮೀಟರನ್ನು ಪೂರ್ತಿ ವೇಗದಲ್ಲಿ ಓಡುವುದು, ಆ ಹತ್ತು ಮೀಟರಿಗೆ ಎರಡೂ ತುದಿಯಲ್ಲಿ ಕೋನ್ ಇಡುವುದು, ಸೊಂಟದ ಎತ್ತರದಲ್ಲಿ, ಪಕ್ಕದಿಂದ, ದೂರದಲ್ಲಿ ಫೋನನ್ನು ಸ್ಟ್ಯಾಂಡಿಗೆ ಕಟ್ಟುವುದು. ಕಂಡದ್ದು ಇಷ್ಟು.

ಹತ್ತು ಮೀಟರಿಗೆ 1.16 ಸೆಕೆಂಡ್, ಎಂದರೆ ಸೆಕೆಂಡಿಗೆ 8.6 ಮೀಟರ್. ಹೆಜ್ಜೆಯ ಉದ್ದ 2.08 ಮೀಟರ್. ಪಾದ ನೆಲದಲ್ಲಿ ಇರುತ್ತಿದ್ದುದು 30 ಚೌಕಟ್ಟು, ಗಾಳಿಯಲ್ಲಿ ಇರುತ್ತಿದ್ದುದು 28. ಪಾದ ನೆಲ ಮುಟ್ಟುವ ಕ್ಷಣದಲ್ಲಿ ಅದು ಸೊಂಟಕ್ಕಿಂತ ಬಹಳ ಮುಂದೆ, ಮೊಣಕಾಲಿಗಿಂತಲೂ ಮುಂದೆ ಇತ್ತು. ಹಿಮ್ಮಡಿ ಮೊದಲು ತಾಗುವಷ್ಟು. ಸೊಂಟ ಮುಂದಕ್ಕೆ ವಾಲಿ ನಡುಬೆನ್ನು ಕೊಂಕಿತ್ತು. ನೆಲ ಬಿಟ್ಟ ಕಾಲು ಹಿಂದೆಯೇ ಉಳಿದು, ಹಿಮ್ಮಡಿ ಮೇಲಕ್ಕೆ ಎದ್ದು, ಆಮೇಲೆ ಅವಸರದಿಂದ ಮುಂದಕ್ಕೆ ಬರುತ್ತಿತ್ತು.

ಪಾದ ಅಷ್ಟು ಮುಂದೆ ಬಿದ್ದರೆ ಏನಾಗುತ್ತದೆ? ಉರುಳುತ್ತಿರುವ ಗಾಡಿಯ ಚಕ್ರಕ್ಕೆ ಪ್ರತಿ ಸುತ್ತಿನಲ್ಲೂ ಒಂದು ಕಲ್ಲು ಕೊಟ್ಟಂತೆ. ನೆಲವು ದೇಹವನ್ನು ಹಿಂದಕ್ಕೆ ತಳ್ಳುತ್ತದೆ, ದೇಹ ಪಾದದ ಮೇಲೆ ದಾಟಿ ಬರುವವರೆಗೆ ಕಾಯಬೇಕಾಗುತ್ತದೆ, ನೆಲದ ಮೇಲಿನ ಸಮಯ ಬೆಳೆಯುತ್ತದೆ. ಹೆಜ್ಜೆ ಉದ್ದ ಕಾಣುತ್ತದೆ, ಓಟ ನಿಲ್ಲುತ್ತ ನಿಲ್ಲುತ್ತ ಸಾಗುತ್ತದೆ.

ಗಾಯದ ಕಾರಣವೂ ಅಲ್ಲೇ ಇತ್ತು. ವೇಗದ ಓಟದಲ್ಲಿ ಹ್ಯಾಮ್‌ಸ್ಟ್ರಿಂಗ್ ಮೇಲೆ ಅತಿ ಹೆಚ್ಚು ಎಳೆತ ಬೀಳುವುದು ಕಾಲು ಮುಂದಕ್ಕೆ ಬೀಸಿ, ಪಾದ ನೆಲ ತಾಗುವುದಕ್ಕೆ ಸ್ವಲ್ಪ ಮೊದಲು. ಮುಂದಕ್ಕೆ ಹಾರುತ್ತಿರುವ ಕೆಳಗಾಲನ್ನು ಆ ಸ್ನಾಯು ತಾನು ಉದ್ದವಾಗುತ್ತಲೇ ತಡೆಯಬೇಕು. ಸ್ನಾಯುವಿನ ಮೇಲ್ತುದಿ ಸೊಂಟದ ಮೂಳೆಗೆ ಅಂಟಿಕೊಂಡಿದೆ. ಸೊಂಟ ಮುಂದಕ್ಕೆ ವಾಲಿದರೆ ಆ ತುದಿಯಿಂದಲೂ ಎಳೆತ. ಕಾಲು ಚಾಚು ಎಂದು ಹೇಳಿದಾಗ ವನಜಾಳ ಸ್ನಾಯುವನ್ನು ಎರಡೂ ತುದಿಯಿಂದ ಎಳೆದಂತಾಗಿತ್ತು.

ಇನ್ನೊಂದು ಲೆಕ್ಕ ನನಗೆ ಇದಕ್ಕಿಂತ ಮುಖ್ಯವೆನಿಸುತ್ತದೆ. 200 ಮೀಟರಿಗೆ 35 ಸೆಕೆಂಡ್ ಎಂದರೆ ಸೆಕೆಂಡಿಗೆ 5.7 ಮೀಟರ್, ಅವಳ ಗರಿಷ್ಠ ವೇಗದ ಮೂರನೇ ಎರಡರಷ್ಟು. ತಿಂಗಳುಗಟ್ಟಲೆ ಅವಳು ಅಭ್ಯಾಸ ಮಾಡಿದ್ದು ಆ ವೇಗವನ್ನು. ಪೂರ್ತಿ ವೇಗದ ಎಳೆತ ಆ ಸ್ನಾಯುವಿಗೆ ಸಿಗುತ್ತಿದ್ದುದು ಕೂಟದ ದಿನ ಮಾತ್ರ. ಎರಡು ಗಾಯಗಳೂ ಕೂಟದಲ್ಲೇ ಆದದ್ದು ಕಾಕತಾಳೀಯವಲ್ಲ. ವೇಗವಾಗಿ ಓಡಿದರೆ ಗಾಯವಾಗುತ್ತದೆಂದು ಹೆದರಿ ಅಭ್ಯಾಸದಲ್ಲಿ ವೇಗವನ್ನೇ ಕೈಬಿಟ್ಟರೆ ಗಾಯಕ್ಕೆ ದಾರಿ ಮಾಡಿಕೊಟ್ಟಂತೆಯೇ.

ನೆಲವನ್ನು ಎಷ್ಟು ಒತ್ತಬೇಕು

ಮುಂದೆ ಮಾಡಿದ್ದೆಲ್ಲದರ ಹಿಂದೆ ಒಂದು ಸರಳ ಗಣಿತವಿದೆ. ಸ್ಥಿರ ವೇಗದಲ್ಲಿ ಓಡುವವರ ದೇಹ ಒಂದು ಹೆಜ್ಜೆಯಿಂದ ಇನ್ನೊಂದಕ್ಕೆ ಸರಾಸರಿಯಲ್ಲಿ ಮೇಲಕ್ಕೂ ಹೋಗುವುದಿಲ್ಲ, ಕೆಳಕ್ಕೂ ಇಳಿಯುವುದಿಲ್ಲ. ಗುರುತ್ವ ಇಡೀ ಹೊತ್ತು ಎಳೆಯುತ್ತದೆ. ನೆಲ ಮೇಲಕ್ಕೆ ತಳ್ಳುವುದು ಪಾದ ತಾಗಿರುವಾಗ ಮಾತ್ರ. ಆದ್ದರಿಂದ ಪೂರ್ತಿ ಹೆಜ್ಜೆಯ ಸಮಯವನ್ನು ನೆಲದ ಮೇಲಿನ ಸಮಯದಿಂದ ಭಾಗಿಸಿದರೆ, ಪಾದ ತಾಗಿರುವಾಗಿನ ಸರಾಸರಿ ಬಲ ದೇಹತೂಕದ ಎಷ್ಟು ಪಟ್ಟು ಎಂದು ಸಿಗುತ್ತದೆ. ವನಜಾಳದು 30 ಮತ್ತು 28 ಸೇರಿ 58 ಚೌಕಟ್ಟು, ಭಾಗಿಸು 30: 1.93 ಪಟ್ಟು. ಒಂಟಿ ಕಾಲಿನ ಮೇಲೆ ಸುಮಾರು 97 ಕಿಲೊ ಭಾರ, ಸೆಕೆಂಡಿನ ಎಂಟನೆಯ ಒಂದು ಭಾಗದಲ್ಲಿ. ಇದು ಸರಾಸರಿ, ಗರಿಷ್ಠ ಅದಕ್ಕಿಂತ ಎಷ್ಟೋ ಹೆಚ್ಚು.

ಓಟದ ಚಲನೆಯನ್ನು ಅಧ್ಯಯನ ಮಾಡುವ ಅಮೆರಿಕದ ವಿಜ್ಞಾನಿ ಪೀಟರ್ ವೇಯಾಂಡ್ ಮತ್ತು ಸಂಗಡಿಗರು 2000ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದಲ್ಲಿ ಬಹಳ ಜನರ ಕಣ್ಣು ತೆರೆಸಿತು. ತಮ್ಮ ಗರಿಷ್ಠ ವೇಗದಲ್ಲಿ ಓಡುವಾಗ, ವೇಗದವರೂ ನಿಧಾನದವರೂ ಗಾಳಿಯಲ್ಲಿ ಕಾಲನ್ನು ಹಿಂದಿನಿಂದ ಮುಂದಕ್ಕೆ ತರಲು ತೆಗೆದುಕೊಳ್ಳುವ ಸಮಯ ಹೆಚ್ಚು ಕಡಿಮೆ ಒಂದೇ. ವ್ಯತ್ಯಾಸ ಇರುವುದು ಅವರು ಚಿಕ್ಕ ಸಮಯದಲ್ಲಿ ನೆಲಕ್ಕೆ ಎಷ್ಟು ಬಲ ಕೊಡಬಲ್ಲರು ಎಂಬುದರಲ್ಲಿ. ಅಂದರೆ ‘ಕಾಲು ಬೇಗ ಬೇಗ ಆಡಿಸು’ ಎಂಬುದೂ ಅರ್ಧ ಸಲಹೆಯೇ, ‘ಉದ್ದ ಹೆಜ್ಜೆ ಹಾಕು’ ಎಂಬುದೂ ಅರ್ಧ ಸಲಹೆಯೇ. ನೆಲಕ್ಕೆ ಹೆಚ್ಚು ಬಲವನ್ನು ಕಡಿಮೆ ಹೊತ್ತಿನಲ್ಲಿ ಕೊಡಲು ಬೇಕಾದ ಶಕ್ತಿಯೂ ಬೇಕು, ಆ ಶಕ್ತಿ ಬ್ರೇಕಾಗದಂತೆ ಪಾದ ಸರಿಯಾದ ಜಾಗದಲ್ಲಿ ಬೀಳಲೂ ಬೇಕು.

ಮೈದಾನದ ಹುಡುಗರು ಆ ದಿನಗಳಲ್ಲಿ ವನಜಾಳಿಗೆ ಕಂಬಳದ ವಿಡಿಯೊ ತೋರಿಸುತ್ತಿದ್ದರು. 2020ರಲ್ಲಿ ಶ್ರೀನಿವಾಸ ಗೌಡರು ಐಕಳದ ಕಂಬಳದಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ದೇಶವೆಲ್ಲ ಸುದ್ದಿಯಾಗಿತ್ತು. ಕೆಸರಿನಲ್ಲಿ ಬರಿಗಾಲಲ್ಲೇ ಇಷ್ಟು ವೇಗ ಸಾಧ್ಯವಾದರೆ ಈ ಅಳತೆಗಳೆಲ್ಲ ಯಾಕೆ ಎಂದು ಹುಡುಗರ ಪ್ರಶ್ನೆ. ಅದು ಅಪರೂಪದ ಸಾಮರ್ಥ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿ ಮುಂದಕ್ಕೆ ಎಳೆಯುವ ಬಲದ ದೊಡ್ಡ ಪಾಲು ಕೋಣಗಳದು. ಆ ವೇಗಕ್ಕೆ ಸರಿಯಾಗಿ ಹೆಜ್ಜೆ ಹೊಂದಿಸಿ ಬೀಳದೆ ಉಳಿಯುವುದು ಓಟಗಾರನ ಕೌಶಲ. ಟ್ರ್ಯಾಕಿನಲ್ಲಿ ಎಳೆಯುವವರು ಯಾರೂ ಇಲ್ಲ. ಬಲವೆಲ್ಲ ಪಾದದ ಅಡಿಯಿಂದಲೇ ಹುಟ್ಟಬೇಕು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಎರಡಕ್ಕೂ ಅನ್ಯಾಯ.

ಮಾಡಿ ನೋಡಿದ್ದು

ಮೊದಲು ಡ್ರಿಲ್‌ಗಳು. ಮೊಣಕಾಲು ಎತ್ತಿ ನಡೆಯುವುದು, ಎತ್ತಿ ಕುಪ್ಪಳಿಸುವುದು, ಕಾಲು ಎತ್ತಿ ಮುಂದಕ್ಕೆ ಬಿಡಿಸಿ ನೆಲಕ್ಕೆ ಎಳೆಯುವುದು. ಆರು ವಾರಗಳಲ್ಲಿ ವನಜಾಳ ಡ್ರಿಲ್ ನೋಡಲು ಬಹಳ ಚೆಂದವಾಯಿತು. ಓಟದ ವಿಡಿಯೊ ತೆಗೆದರೆ ಪಾದ ಮೊದಲಿನ ಜಾಗದಲ್ಲೇ ಬೀಳುತ್ತಿತ್ತು. ಕುಪ್ಪಳಿಸುವ ವೇಗದಲ್ಲಿ ಕಲಿತದ್ದು ಪೂರ್ತಿ ವೇಗಕ್ಕೆ ತಾನಾಗಿ ಹೋಗುವುದಿಲ್ಲ. ಕಾಲನ್ನು ಮುಂದಕ್ಕೆ ಬಿಡಿಸುವ ಡ್ರಿಲ್ ಅವಳ ಚಾಚುವ ಚಟವನ್ನೇ ಗಟ್ಟಿ ಮಾಡುವಂತಿತ್ತು; ಅದನ್ನು ಬಿಟ್ಟುಬಿಟ್ಟೆವು. ಉಳಿದವು ಮೈ ಬಿಸಿ ಮಾಡಿಕೊಳ್ಳುವುದಕ್ಕೆ ಮಾತ್ರ.

ಆಮೇಲೆ ಮಾತಿನ ಸೂಚನೆಗಳು. ‘ಪಾದವನ್ನು ಸೊಂಟದ ಕೆಳಗೆ ಇಡು’ ಎಂದಾಗ ಅವಳು ಪಾದದ ಬಗ್ಗೆಯೇ ಯೋಚಿಸುತ್ತ ನಿಧಾನವಾದಳು. ‘ನೆಲವನ್ನು ಒತ್ತು’ ಎಂದಾಗ ಕಾಲನ್ನು ಧಡಧಡ ಅಪ್ಪಳಿಸಿದಳು. ಸೆಕೆಂಡಿನ ಕಾಲು ಭಾಗದೊಳಗೆ ಮುಗಿಯುವ ಹೆಜ್ಜೆಯನ್ನು ಯೋಚಿಸಿ ತಿದ್ದುವುದು ಕಷ್ಟ ಎಂಬುದು ಇದರಿಂದ ಸ್ಪಷ್ಟವಾಯಿತು.

ತಿರುವು ಸಿಕ್ಕಿದ್ದು ಚಿಕ್ಕ ತಡೆಗಳಿಂದ. ವಿದ್ಯುತ್ ವೈರಿಂಗ್‌ಗೆ ಬಳಸುವ ಪಿವಿಸಿ ಪೈಪನ್ನು ಕತ್ತರಿಸಿ, ಗೇಣಿಗಿಂತ ಕಡಿಮೆ ಎತ್ತರದ, ತಾಗಿದರೆ ಬೀಳುವ ಪುಟ್ಟ ಹರ್ಡಲ್‌ಗಳನ್ನು ಮಾಡಿದೆವು. 15 ಮೀಟರ್ ಓಡಿ ಬಂದ ಮೇಲೆ ಅವನ್ನು ಸಾಲಾಗಿ ದಾಟಬೇಕು. ಮೊದಲ ಅಂತರ 1.50 ಮೀಟರ್, ಮುಂದೆ ಮುಂದೆ ಹೆಚ್ಚುತ್ತ 1.90ರವರೆಗೆ, ಅವಳ ಪೂರ್ತಿ ಹೆಜ್ಜೆಗಿಂತ ಬೇಕೆಂದೇ ಕಡಿಮೆ. ಚಾಚಿದರೆ ಮುಂದಿನ ತಡೆಗೆ ಕಾಲು ತಾಗುತ್ತದೆ. ಮೊಣಕಾಲು ಮುಂದೆ ಎತ್ತದಿದ್ದರೂ ತಾಗುತ್ತದೆ. ಉಳಿದ ಒಂದೇ ದಾರಿ ಪಾದವನ್ನು ಮೈಯಡಿಗೆ ಇಳಿಸುವುದು. ಏನನ್ನೂ ಹೇಳಬೇಕಾಗಲಿಲ್ಲ. ಎರಡನೆಯ ವಾರ ತಡೆಗಳನ್ನು ದಾಟಿ ಆಚೆ 20 ಮೀಟರ್ ಬಿಡುಬೀಸಾಗಿ ಓಡುವಂತೆ ಮಾಡಿದಾಗ ವನಜಾ ಹತ್ತಿರ ಬಂದು, ‘ಸರ್, ಇವತ್ತು ನೆಲ ಗಟ್ಟಿಯಾಗಿದೆ ಅನ್ನಿಸಿತು’ ಎಂದಳು. ನೆಲ ಅದೇ ಇತ್ತು.

ಇದರ ಜೊತೆಗೆ ವಾರದ ಪಟ್ಟಿಯನ್ನೇ ಬದಲಿಸಿದೆವು. ಸೋಮವಾರ ನಿಂತಲ್ಲಿಂದ 10ರಿಂದ 30 ಮೀಟರ್ ಓಟಗಳು, ಕೆಲವು ಹಳೆಯ ಬೈಕ್ ಟೈರ್ ಎಳೆಯುತ್ತ. ಒಟ್ಟು 200 ಮೀಟರಿಗಿಂತ ಸ್ವಲ್ಪ ಹೆಚ್ಚು. ಬುಧವಾರ ಗರಿಷ್ಠ ವೇಗ: ತಡೆಗಳು, ಆಮೇಲೆ ಓಡಿಬಂದು ಹತ್ತು ಅಥವಾ ಇಪ್ಪತ್ತು ಮೀಟರ್ ಪೂರ್ತಿ ವೇಗ, ನಾಲ್ಕೈದು ಸಲ. ಶುಕ್ರವಾರ ಒಂದು ವಾರ ಇಳಿಜಾರನ್ನು ಹತ್ತುವ ಚಿಕ್ಕ ಓಟ, ಇನ್ನೊಂದು ವಾರ 80ರಿಂದ 120 ಮೀಟರ್. ನಡುವಿನ ಎರಡು ದಿನ ಹುಲ್ಲಿನ ಮೇಲೆ ಸಲೀಸಾದ ಓಟ. ವಿಶ್ರಾಂತಿಯ ನಿಯಮ ಒಂದೇ: ಪೂರ್ತಿ ವೇಗದಲ್ಲಿ ಓಡಿದ ಪ್ರತಿ ಹತ್ತು ಮೀಟರಿಗೆ ಒಂದು ನಿಮಿಷ. ಸಮಯ ಶೇಕಡಾ ಮೂರರಷ್ಟು ಕುಸಿದರೆ ಅಂದಿನ ಓಟ ಮುಗಿಯಿತು, ಪಟ್ಟಿಯಲ್ಲಿ ಇನ್ನೂ ಎಷ್ಟೇ ಉಳಿದಿರಲಿ.

ಈ ವಿಶ್ರಾಂತಿ ದೊಡ್ಡ ತಕರಾರಾಯಿತು. ತಂದೆ ಒಂದು ಬೆಳಿಗ್ಗೆ ಮೈದಾನಕ್ಕೆ ಬಂದು ಕಲ್ಲಿನ ಮೆಟ್ಟಿಲ ಮೇಲೆ ಕುಳಿತು ನೋಡಿದರು. ‘ಸರ್, ಓಡುವುದಕ್ಕಿಂತ ಕೂರುವುದೇ ಹೆಚ್ಚಾಯಿತಲ್ಲ? ಇಷ್ಟಕ್ಕೆ ನಸುಕಿನ ಬಸ್ಸು ಹಿಡಿದು ಬರಬೇಕೇ?’ ಎಂದರು. ಬೆವರು ಹರಿಸಿ ದುಡಿಯುವವರ ಸಹಜ ಪ್ರಶ್ನೆ ಅದು. ಅದಕ್ಕೆ ಗೌರವದಿಂದ ಉತ್ತರಿಸಬೇಕು. ನಾನು ಅವರ ಕೈಗೆ ಸ್ಟಾಪ್‌ವಾಚ್ ಕೊಟ್ಟೆ. ಐದು ನಿಮಿಷ ಬಿಟ್ಟು ಓಡಿದ ಓಟವನ್ನೂ, ಒಂದೇ ನಿಮಿಷ ಬಿಟ್ಟು ಓಡಿದ ಓಟವನ್ನೂ ಅವರೇ ಅಳೆದರು. ಎರಡನೆಯದು ನಿಧಾನ. ದಣಿದ ದೇಹ ನಿಧಾನ ಓಟವನ್ನು ಚೆನ್ನಾಗಿ ಕಲಿಯುತ್ತದೆ ಎಂದು ಮಾತ್ರ ಹೇಳಿದೆ. ನಸುಕಿನ ಬಸ್ಸಿನ ಮಾತು ನನ್ನನ್ನೂ ಯೋಚನೆಗೆ ಹಚ್ಚಿತು. ನಾಲ್ಕೂವರೆಗೆ ಏಳುವ ಹುಡುಗಿಗೆ ನಿದ್ರೆ ಸಾಲುತ್ತಿರಲಿಲ್ಲ. ಕಷ್ಟದ ಮೂರು ದಿನಗಳ ಅಭ್ಯಾಸವನ್ನು ಸಂಜೆಗೆ ಹಾಕಿದೆವು.

ಶಕ್ತಿಯ ಅಭ್ಯಾಸಕ್ಕೆ ಕಾಲೇಜಿನ ಜಿಮ್ ಇತ್ತು. ಬಾರ್‌ಬೆಲ್ ಹೊತ್ತು ಕೂತೇಳುವುದು, ಬಾರನ್ನು ಹಿಡಿದು ಸೊಂಟದಿಂದ ಬಗ್ಗಿ ಏಳುವುದು, ಮೀನಖಂಡಕ್ಕಾಗಿ ಒಂಟಿ ಕಾಲಲ್ಲಿ ನಿಂತು ಹಿಮ್ಮಡಿ ಎತ್ತುವುದು. ಎಲ್ಲಕ್ಕಿಂತ ಮುಖ್ಯವಾದದ್ದಕ್ಕೆ ಜಿಮ್ಮೂ ಬೇಕಿರಲಿಲ್ಲ: ಮಂಡಿಯೂರಿ ಕುಳಿತು, ಗೆಳತಿ ಹಿಂದಿನಿಂದ ಕಾಲ್ಗಿಣ್ಣು ಹಿಡಿದಿರಲು, ಮೈಯನ್ನು ನೆಟ್ಟಗಿಟ್ಟುಕೊಂಡು ನಿಧಾನವಾಗಿ ಮುಂದಕ್ಕೆ ಬೀಳುವುದು. ಇದನ್ನು ನಾರ್ಡಿಕ್ ವ್ಯಾಯಾಮ ಎನ್ನುತ್ತಾರೆ. ಹ್ಯಾಮ್‌ಸ್ಟ್ರಿಂಗ್ ಉದ್ದವಾಗುತ್ತಲೇ ತಡೆಯುವ ಕೆಲಸವನ್ನು ಇದು ನೇರವಾಗಿ ಕಲಿಸುತ್ತದೆ. ಫುಟ್‌ಬಾಲ್ ಆಟಗಾರರ ಮೇಲೆ ನಡೆದ ಅನೇಕ ಅಧ್ಯಯನಗಳಲ್ಲಿ ಇದನ್ನು ತಪ್ಪದೆ ಮಾಡಿದವರಲ್ಲಿ ಈ ಗಾಯಗಳು ಅರ್ಧದಷ್ಟು ಕಡಿಮೆಯಾಗಿವೆ. ಎರಡು ಸರದಿ, ಮೂರು ಮೂರು ಸಲದಿಂದ ಆರಂಭಿಸಿದೆವು. ಮೊದಲ ವಾರಗಳಲ್ಲಿ ಮೈಕೈ ನೋವು ವಿಪರೀತ. ಅದಕ್ಕೇ ಭಾರದ ಅಭ್ಯಾಸವನ್ನು ಓಟದ ದಿನವೇ, ಓಟ ಮುಗಿದ ಮೇಲೆ ಇಟ್ಟೆವು. ವೇಗದ ಓಟದ ಹಿಂದಿನ ದಿನ ಅದನ್ನು ಮಾಡಿಸಿದರೆ ನೋಯುವ ಸ್ನಾಯುವಿನಿಂದಲೇ ಗರಿಷ್ಠ ವೇಗ ಓಡಿಸಿದಂತಾಗುತ್ತದೆ.

ರಕ್ತಪರೀಕ್ಷೆಯನ್ನೂ ಮಾಡಿಸಿದೆವು. ಹಿಮೋಗ್ಲೋಬಿನ್ 10ರ ಆಸುಪಾಸಿನಲ್ಲಿತ್ತು. ವಯಸ್ಕ ಮಹಿಳೆಯರಿಗೆ ಕನಿಷ್ಠ 12 ಇರಬೇಕು. ವೈದ್ಯರು ಕಬ್ಬಿಣದ ಮಾತ್ರೆ ಕೊಟ್ಟರು, ಮನೆಯಲ್ಲಿ ಮೊಟ್ಟೆ, ಶೇಂಗಾ, ಕಾಳುಗಳು ಹೆಚ್ಚಾದವು, ಊಟದ ಜೊತೆಗೇ ಚಹಾ ಕುಡಿಯುವುದು ನಿಂತಿತು. ನೂರು ಮೀಟರಿನ ಒಂದು ಓಟಕ್ಕೆ ಇದರಿಂದ ದೊಡ್ಡ ವ್ಯತ್ಯಾಸವಾಗದಿರಬಹುದು. ಅಭ್ಯಾಸದ ನಂತರ ಚೇತರಿಸಿಕೊಳ್ಳುವುದಕ್ಕೆ ಖಂಡಿತ ಆಗುತ್ತದೆ. ಹುಡುಗಿಯರಿಗೆ ತರಬೇತಿ ಕೊಡುವವರು ಈ ಪರೀಕ್ಷೆಯನ್ನೂ ಮುಟ್ಟಿನ ಕ್ರಮವನ್ನೂ ವಿಚಾರಿಸಲು ಸಂಕೋಚಪಟ್ಟರೆ, ಉಳಿದ ಲೆಕ್ಕಾಚಾರಗಳಿಗೆ ಬುನಾದಿಯೇ ಇರುವುದಿಲ್ಲ.

ಓಡದಿರುವ ನಿರ್ಧಾರ

ವಿಶ್ವವಿದ್ಯಾಲಯ ಮಟ್ಟದ ಕೂಟ ಬಂದಾಗ ತಡೆಗಳ ಅಭ್ಯಾಸ ಆರಂಭವಾಗಿ ಕೆಲವೇ ವಾರಗಳಾಗಿದ್ದವು. ವನಜಾಳಿಗೆ ನೋವಿರಲಿಲ್ಲ. ತಂದೆಯ ಮಾತು ಸರಿಯಾಗಿಯೇ ಇತ್ತು: ‘ಈ ಸಲದ ಸರ್ಟಿಫಿಕೇಟ್ ಇಲ್ಲದಿದ್ದರೆ ಮುಂದೆ ಕೋಟಾಕ್ಕೆ ಏನು ತೋರಿಸುವುದು, ಸರ್?’ ನಿರ್ದೇಶಕರೂ ನೂರು ಮೀಟರ್ ಒಂದನ್ನಾದರೂ ಓಡಲಿ ಎಂದರು.

ನಾವು ನಾಲ್ವರೂ ಕುಳಿತು ಮಾತಾಡಿದೆವು. ಗರಿಷ್ಠ ವೇಗದ ಅಭ್ಯಾಸಗಳು ಅವಳಿಗೆ ಇನ್ನೂ ಬೆರಳೆಣಿಕೆಯಷ್ಟು ಆಗಿದ್ದವು. ಹೀಟ್ಸ್, ಸೆಮಿಫೈನಲ್, ಫೈನಲ್ ಎಂದು ಎರಡು ದಿನದಲ್ಲಿ ಮೂರು ಪೂರ್ತಿ ಓಟ. ಪೈಪೋಟಿಯ ಬಿಸಿಯಲ್ಲಿ ಹೊಸ ಓಟ ಮರೆತು ಹಳೆಯ ಚಾಚುವಿಕೆಯೇ ಮೇಲೆ ಬರುತ್ತದೆ, ಅದೂ 60 ಮೀಟರಿನ ನಂತರ. ಅದೇ ಜಾಗದಲ್ಲಿ ಮೂರನೆಯ ಸಲ ಹರಿದರೆ ಪೂರ್ತಿ ವರ್ಷವೇ ಹೋಗಬಹುದಿತ್ತು. ನಾನು ಬೇಡ ಎಂದೆ. ಕೊನೆಯ ಮಾತು ವನಜಾಳದೇ ಆಗಬೇಕೆಂದೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಪ್ಪಾ, ಮುಂದಿನ ವರ್ಷ ಓಡುತ್ತೇನೆ’ ಎಂದಳು. ಆ ಕೂಟದಲ್ಲಿ ಮೂರನೆಯ ಸ್ಥಾನದ ಸಮಯ ಅವಳ ಹಿಂದಿನ ಸಮಯಕ್ಕಿಂತ ನಿಧಾನವಾಗಿತ್ತು. ಪದಕ ಕೈತಪ್ಪಿದ್ದು ನಿಜ, ಅದರ ನೋವು ಮನೆಯಲ್ಲಿ ಬಹಳ ದಿನ ಉಳಿಯಿತು. ಆದರೂ ಇಡೀ ಪ್ರಕರಣದಲ್ಲಿ ಅತ್ಯಂತ ಸರಿಯಾದ ನಿರ್ಧಾರ ಅದೇ ಎಂದು ನನ್ನ ಗಟ್ಟಿಯಾದ ಅಭಿಪ್ರಾಯ. ಆಮೇಲೆ ಸಿಕ್ಕ ಅಡೆತಡೆಯಿಲ್ಲದ ತಿಂಗಳುಗಳು ಬೇರಾವ ಉಪಾಯದಿಂದಲೂ ಸಿಗುತ್ತಿರಲಿಲ್ಲ.

ಏನಾಯಿತು

ಮುಂದಿನ ಋತುವಿನ ಆರಂಭದಲ್ಲಿ ಅದೇ ಮೈದಾನ, ಅದೇ ಕೋನ್, ಅದೇ ಫೋನ್. ಹತ್ತು ಮೀಟರ್ 1.10 ಸೆಕೆಂಡ್, ಸೆಕೆಂಡಿಗೆ 9.1 ಮೀಟರ್. ಪಾದ ನೆಲದಲ್ಲಿ 26 ಚೌಕಟ್ಟು, ಗಾಳಿಯಲ್ಲಿ 29. ಬಲದ ಲೆಕ್ಕ ದೇಹತೂಕದ 2.12 ಪಟ್ಟು, ತೂಕ 52 ಕಿಲೊ ಆಗಿತ್ತು, ಆದ್ದರಿಂದ ಒಂಟಿ ಕಾಲಿನ ಮೇಲೆ ಸರಾಸರಿ 110 ಕಿಲೊ, ಅದೂ ಮೊದಲಿಗಿಂತ ಕಡಿಮೆ ಹೊತ್ತಿನಲ್ಲಿ.

ಹೆಜ್ಜೆಯ ಉದ್ದ? 2.08 ಮೀಟರ್. ಒಂದು ಸೆಂಟಿಮೀಟರ್ ಕೂಡ ಬದಲಾಗಿರಲಿಲ್ಲ. ಮೊದಲು ಅಷ್ಟು ಉದ್ದವನ್ನು ಅವಳು ಪಾದವನ್ನು ಮುಂದೆ ಎಸೆದು ಸಂಪಾದಿಸುತ್ತಿದ್ದಳು. ಈಗ ನೆಲದಿಂದ ಚಿಮ್ಮಿ ಸಂಪಾದಿಸುತ್ತಿದ್ದಳು. ನೆಲದ ಮೇಲಿನ ಸಮಯದಲ್ಲಿ ಉಳಿಸಿದ ನಾಲ್ಕು ಚೌಕಟ್ಟುಗಳೇ ಅವಳ ಗಳಿಕೆ, ಸೆಕೆಂಡಿನ ಅರವತ್ತನೆಯ ಒಂದು ಭಾಗ.

ರಾಜ್ಯ ಮಟ್ಟದ ಕೂಟದಲ್ಲಿ ಎಲೆಕ್ಟ್ರಾನಿಕ್ ಗಡಿಯಾರದಲ್ಲಿ 12.39 ಓಡಿದಳು. ಗಾಳಿ ಹಿಂದಿನಿಂದ ಇತ್ತು, ಆದರೆ ದಾಖಲೆಗೆ ಒಪ್ಪುವ ಸೆಕೆಂಡಿಗೆ 2 ಮೀಟರಿನ ಮಿತಿಯೊಳಗೆ. ಫೈನಲ್‌ನಲ್ಲಿ ನಾಲ್ಕನೆಯವಳು. ಪದಕವಿಲ್ಲ. ವಿಶ್ವವಿದ್ಯಾಲಯ ಕೂಟದಲ್ಲಿ ಬೆಳ್ಳಿ ಬಂತು, ತಂದೆಯ ಕೈಗೆ ಸರ್ಟಿಫಿಕೇಟೂ ಬಂತು. ಆ ಋತುವಿನಲ್ಲಿ ಎಡತೊಡೆ ಒಮ್ಮೆಯೂ ತೊಂದರೆ ಕೊಡಲಿಲ್ಲ. ಬಲತೊಡೆಯಲ್ಲಿ ಒಂದು ಸಂಜೆ ಬಿಗಿತ ಕಂಡಾಗ ಅಂದಿನ ಉಳಿದ ಓಟಗಳನ್ನು ಬಿಟ್ಟೆವು, ನಾಲ್ಕು ದಿನಗಳಲ್ಲಿ ಸರಿಹೋಯಿತು.

ಇದರಲ್ಲಿ ಯಾವುದರ ಪಾಲು ಎಷ್ಟು ಎಂದು ಬಿಡಿಸಿ ಹೇಳಲಾಗದು. ನಿದ್ರೆ, ಕಬ್ಬಿಣ, ನಾರ್ಡಿಕ್, ತಡೆಗಳು, ವಿಶ್ರಾಂತಿ ಎಲ್ಲ ಒಟ್ಟೊಟ್ಟಿಗೇ ನಡೆದವು. ಅವಳ ವಯಸ್ಸಿನಲ್ಲಿ ಒಂದು ವರ್ಷದಲ್ಲಿ ದೇಹವೂ ಬಲಿಯುತ್ತದೆ. ಆದರೆ ಡ್ರಿಲ್‌ಗಳ ಆರು ವಾರಗಳಲ್ಲಿ ಪಾದ ಬೀಳುವ ಜಾಗ ಬದಲಾಗಿರಲಿಲ್ಲ, ತಡೆಗಳ ಆರು ವಾರಗಳಲ್ಲಿ ಬದಲಾಯಿತು. ಅಷ್ಟನ್ನು ವಿಡಿಯೊ ಆಧಾರದಿಂದ ಹೇಳಬಹುದು. ಇನ್ನೊಬ್ಬ ಹುಡುಗನಿಗೆ ಇದೇ ಅಂತರಗಳನ್ನು ಇಟ್ಟರೆ ಕೆಲಸಕ್ಕೆ ಬಾರದು. ಅವನ ಹೆಜ್ಜೆಯನ್ನು ಮೊದಲು ಅಳೆಯಬೇಕು. ಪಾದ ಈಗಾಗಲೇ ಮೈಯಡಿಗೇ ಬೀಳುತ್ತಿದ್ದು ಶಕ್ತಿ ಮಾತ್ರ ಸಾಲದವರಿಗೆ ತಡೆಗಳಿಗಿಂತ ಬಾರ್‌ಬೆಲ್ ಮುಖ್ಯ.

ಉಳಿದಿರುವ ಸಮಸ್ಯೆ ಇನ್ನೂರು ಮೀಟರ್. ಅಲ್ಲಿ ಅವಳ ಸಮಯ ಅಷ್ಟಾಗಿ ಸುಧಾರಿಸಿಲ್ಲ. ನಮ್ಮ ಮಣ್ಣಿನ ಮೈದಾನದ ತಿರುವು ಸರಿಯಾದ ಅಳತೆಯದಲ್ಲ. ತಿರುವಿನಲ್ಲಿ ಓಡುವಾಗ ಒಳಗಿನ ಎಡಗಾಲು ಹೊರಗಿನ ಕಾಲಿನಷ್ಟು ಬಲ ಕೊಡಲಾರದು, ಅವಳ ಗಾಯದ ಕಾಲೂ ಅದೇ. ಈಗ ಅಳತೆಯ ಟೇಪ್ ಮತ್ತು ಸುಣ್ಣದ ಪುಡಿಯಿಂದ ಸರಿಯಾದ ತ್ರಿಜ್ಯದ ಒಂದು ತಿರುವನ್ನು ಎಳೆದಿದ್ದೇವೆ. 30 ಮೀಟರಿನ ಚಿಕ್ಕ ಓಟಗಳಿಂದ, ಎಡಗಾಲಿನ ಚೌಕಟ್ಟುಗಳನ್ನು ಬೇರೆಯಾಗಿ ಎಣಿಸುತ್ತ, ಅಲ್ಲಿಂದ ಕೆಲಸ ಮುಂದುವರಿಸಿದ್ದೇವೆ.